ಮಗಳ ಚಾರ್ಟಿನ ಕಾಡುಪಾಪ

ನಮ್ಮ ಊಟದ ಕೋಣೆಯ ಗೋಡೆಯಲ್ಲಿ ಈಗಲೂ ಒಂದು ಚಾರ್ಟ್ ಇದೆ. ಶ್ರೀಲಂಕಾದ ಕಾಡುಗಳಲ್ಲಿ ಮೊದಲಿನಿಂದಲೂ ಇರುವ ಸಸ್ತನಿಗಳದ್ದು. ಆನೆ, ಚಿರತೆ, ನೇರಳೆ ಮುಖದ ಮುಸುವ, ಮೀನು ಹಿಡಿಯುವ ಬೆಕ್ಕು; ಕೆಳಗಿನ ಮೂಲೆಯಲ್ಲಿ, ಆನೆಗಿಂತಲೂ ದೊಡ್ಡದಾಗಿ, ಒಂದು ಕಾಡುಪಾಪ. ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್‌ನ ಈ ಫ್ಲ್ಯಾಟಿಗೆ ಬಂದವರೆಲ್ಲ ಮಗಳು ಚಂದ ಬಿಡಿಸಿದ್ದಾಳೆ ಅನ್ನುತ್ತಾರೆ. ಕಾಡುಪಾಪವನ್ನು ಬಿಡಿಸಿದ್ದು ಮಗಳಲ್ಲ. ಬಿಡಿಸಿದವಳು ಹೋಗಿ ವರ್ಷವಾಯಿತು, ಇನ್ನು ಬರುವುದಿಲ್ಲ. ಅದಕ್ಕೆ ಕಾರಣ ನಾನು.

ಅವಳು ನಮ್ಮ ಮನೆಗೆಲಸಕ್ಕೆ ಬಂದವಳು. ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಸಿಂಹಳದಲ್ಲೂ ಅಕ್ಕ ಅಂದರೆ ಅಕ್ಕನೇ. ಮಗಳು ಮೂರು ತಿಂಗಳ ಕೂಸಾಗಿದ್ದಾಗ ಬಂದಳು, ತನ್ನ ಎರಡು ವರ್ಷದ ಮಗಳನ್ನು ರತ್ನಪುರದ ಹತ್ತಿರದ ಊರಿನಲ್ಲಿ ತಂಗಿಯ ಕೈಗೆ ಕೊಟ್ಟು. ನನ್ನ ಆಫೀಸು ಖುರುಮ್‌ನಲ್ಲಿ, ಗಂಡನ ಕೆಲಸ ದೂರದ ಸುವೈಕ್‌ನಲ್ಲಿ. ಅವರು ವಾರಕ್ಕೊಮ್ಮೆ ಮನೆಗೆ ಬರುವ ನೆಂಟ. ಹಾಗಾಗಿ ಮನೆ, ಮಗು, ಒಲೆ ಎಲ್ಲ ಅಕ್ಕನ ಕೈಯಲ್ಲಿ. ಒಂಬತ್ತು ವರ್ಷದಲ್ಲಿ ಕನ್ನಡ, ತುಳು ಎರಡನ್ನೂ ಕಲಸಿ ಮಾತಾಡುವಷ್ಟು ಕಲಿತಿದ್ದಳು. ಬಂಗುಡೆ ಪುಳಿಮುಂಚಿ ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ಊರಿಗೆ ಹೋದದ್ದು ಎರಡೇ ಸಲ.

ಅವಳ ಪಾಸ್‌ಪೋರ್ಟ್ ನನ್ನ ಕಪಾಟಿನಲ್ಲಿರುತ್ತಿತ್ತು, ಧಾರೆ ಸೀರೆಯ ಅಡಿಯಲ್ಲಿ. ಹಾಗೆ ಇಟ್ಟುಕೊಳ್ಳಬಾರದೆಂದು ಇಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಇಟ್ಟುಕೊಳ್ಳುತ್ತೇವೆ, ಭದ್ರವಾಗಿರಲಿ ಎಂಬ ಹೆಸರಿನಲ್ಲಿ. ನಮ್ಮೂರ ಕಡೆಯ ಹೆಂಗಸರು ಸೇರಿದಲ್ಲೆಲ್ಲ ಇದೇ ಮಾತು: "ಅರ್ಜೆಂಟ್ ಅಂತ ಹೋದವಳು ತಿರುಗಿ ಬಂದದ್ದುಂಟಾ ಮಾರಾಯ್ತಿ?" ನಾನೂ ತಲೆಯಾಡಿಸುತ್ತಿದ್ದೆ. ಆದರೂ ನನ್ನನ್ನು ನಾನು ಒಳ್ಳೆಯ ಮೇಡಂ ಎಂದೇ ನಂಬಿದ್ದೆ. ಅವಳಿಗೆ ಬೇರೆ ಕೋಣೆ ಕೊಟ್ಟಿದ್ದೆ, ಬಾಯಿ ಎತ್ತಿ ಬೈದವಳಲ್ಲ.

ಕಳೆದ ವರ್ಷ ಮಗಳ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟರು, ಒಂದು ದ್ವೀಪರಾಷ್ಟ್ರದ ಸಸ್ತನಿಗಳ ಬಗ್ಗೆ. ಮಗಳು ಎರಡು ಸಲ ಯೋಚಿಸದೆ ಶ್ರೀಲಂಕಾ ಬರೆದು ಬಂದಳು. ಇಂಟರ್ನೆಟ್ಟಿನಿಂದ ಆನೆ, ಚಿರತೆಗಳನ್ನು ಇಳಿಸಿ ಅಂಟಿಸುತ್ತಿದ್ದಾಗ ಅಕ್ಕ ಬಗ್ಗಿ ನೋಡಿದಳು.

"ಇದೆಲ್ಲ ದೊಡ್ಡವರು. ನಮ್ಮ ಮನೆ ಹಿಂದೆ ಇರುವುದು ಎಲ್ಲಿ?" ಎಂದು ಪೆನ್ಸಿಲ್ ತೆಗೆದುಕೊಂಡು ಎರಡು ದುಂಡು ಕಣ್ಣು ಬರೆದಳು. ಆಮೇಲೆ ಕಡ್ಡಿಯಂಥ ಕೈಕಾಲು, ಬಾಲವಿಲ್ಲದ ಮೈ. ನನಗೆ ಕೂಡಲೇ ತಿಳಿಯಿತು, ನಮ್ಮ ಕಡೆಯ ಕಾಡುಪಾಪದ ಒಡಹುಟ್ಟು. ಅದು ಕೂಗಿದರೆ ಅಪಶಕುನ ಎಂದು ಅವಳ ಊರಿನಲ್ಲೂ ಜನ ಕಲ್ಲು ಹೊಡೆಯುತ್ತಾರಂತೆ.

"ತಾಯಿ ಸಂಜೆ ಮರಿಯನ್ನು ಕೊಂಬೆಯಲ್ಲಿ ಇಟ್ಟು ಹೋಗ್ತದೆ, ತಿನ್ನಲಿಕ್ಕೆ ಹುಡುಕಲಿಕ್ಕೆ," ಅಂದಳು. "ಮರಿ ಒಂದೇ ಕೂತಿರ್ತದೆ, ಗಟ್ಟಿ ಹಿಡಿದು."

"ಇಫ್ ಶಿ ಡಸಂಟ್ ಕಮ್ ಬ್ಯಾಕ್?" ಎಂದಳು ಮಗಳು.

"ಬರ್ತದೆ. ಬೆಳಿಗ್ಗೆ ಆಗುವ ಮೊದಲು ಬಂದೇ ಬರ್ತದೆ."

ಮಗಳು ಅದನ್ನು ಇಂಗ್ಲಿಷಿನಲ್ಲಿ ಚಿತ್ರದ ಅಡಿಗೆ ಬರೆದಳು. ಅಕ್ಕ ಎದ್ದು ಅಡುಗೆಮನೆಗೆ ಹೋದವಳು ಎಷ್ಟೋ ಹೊತ್ತು ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು.

ಆ ಭಾನುವಾರ ಅವಳ ತಂಗಿಯ ಫೋನ್ ಬಂತು. ಅಕ್ಕ ನಗುತ್ತಾ, ಅಳುತ್ತಾ ನನ್ನ ಮುಂದೆ ಬಂದು ನಿಂತಳು. "ಮೇಡಂ, ಮಗಳು ದೊಡ್ಡವಳಾದಳು." ಅವರಲ್ಲಿ ಹುಡುಗಿಯನ್ನು ಒಂದು ಕೋಣೆಯಲ್ಲಿ ಕೂರಿಸಿ, ಜೋಯಿಸರು ಹೇಳಿದ ಗಳಿಗೆಯಲ್ಲಿ ಸ್ನಾನ ಮಾಡಿಸುತ್ತಾರೆ. ಗುರುವಾರ ಬೆಳಿಗ್ಗೆ ಏಳು ಹನ್ನೆರಡಕ್ಕೆ ಗಳಿಗೆ. "ನಾನು ಇರಬೇಕು ಮೇಡಂ. ಒಂದು ವಾರ ಸಾಕು. ಟಿಕೆಟ್ ನಾನೇ ಮಾಡ್ತೇನೆ."

ನನಗೆ ಅದೇನೆಂದು ಗೊತ್ತಿಲ್ಲದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನನಗೂ ಆ ಸ್ನಾನ ಆಗಿದೆ. ಮೊದಲ ಚೆಂಬು ನೀರನ್ನು ಅಮ್ಮನೇ ಹೊಯ್ದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆದರೆ ಅದೇ ಗುರುವಾರ ಮಗಳ ಶಾಲೆಯಲ್ಲಿ ಪ್ರದರ್ಶನ. ಆಫೀಸಿನಲ್ಲಿ ತಲೆ ಎತ್ತಲಾಗದಷ್ಟು ಕೆಲಸ. ಇವೆಲ್ಲ ನೆಪ. ನಿಜವಾಗಿ ನನಗೆ ಹೆದರಿಕೆಯಾಗಿತ್ತು, ಹೋದರೆ ಬರಲಿಕ್ಕಿಲ್ಲ ಎಂದು. ನನ್ನ ಬಾಯಿಂದ ಮಾತು ನೀರು ಕುಡಿದಷ್ಟು ಸಲೀಸಾಗಿ ಬಂತು: "ಅಯ್ಯೋ ಅಕ್ಕ, ಪಾಸ್‌ಪೋರ್ಟ್ ವೀಸಾ ಆಫೀಸಿಗೆ ಕೊಟ್ಟಾಗಿದೆ. ಬರಲಿಕ್ಕೆ ಹತ್ತು ದಿನ ಉಂಟು."

ಅವಳು ನನ್ನ ಮುಖ ನೋಡಿದಳು. ಆಮೇಲೆ, "ಸರಿ ಮೇಡಂ. ಖಲಾಸ್," ಅಂದಳು. ಆ ವಿಷಯ ಮತ್ತೆ ಎತ್ತಲಿಲ್ಲ.

ಅಲ್ಲಿಯ ಏಳು ಹನ್ನೆರಡು ಎಂದರೆ ಇಲ್ಲಿಯ ಐದು ನಲವತ್ತೆರಡು. ಗುರುವಾರ ಆ ಹೊತ್ತಿಗೆ ನಾನು ನೀರು ಕುಡಿಯಲು ಎದ್ದಾಗ ಅಕ್ಕ ಅಡುಗೆಮನೆಯಲ್ಲಿ ಒಳ್ಳೆಯ ಸೀರೆ ಉಟ್ಟು, ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ನಿಂತಿದ್ದಳು. ಪರದೆಯಲ್ಲಿ ಮುಚ್ಚಿದ ಬಾಗಿಲು, ಹಿಂದೆ ನೀರು ಸುರಿಯುವ ಸದ್ದು. ಬಾಗಿಲು ತೆರೆದು ಬಿಳಿ ಬಟ್ಟೆಯ ಹುಡುಗಿ ಹೊರಗೆ ಬಂದಳು, ಚಿಕ್ಕಮ್ಮನ ಕೈ ಹಿಡಿದು. ಯಾರೋ ಫೋನನ್ನು ಅವಳ ಮುಖದ ಹತ್ತಿರ ಹಿಡಿದರು. ಹುಡುಗಿ ಏನೋ ಅಂದಳು. ಚಿತ್ರ ನಿಂತುಹೋಯಿತು. ಏನಂದಳು ಎಂದು ಕೇಳಿದೆ. ಸುಮ್ಮನಿರಬೇಕಿತ್ತು.

"ಚಿಕ್ಕಮ್ಮನನ್ನು ಅವಳು ಅಮ್ಮ ಹೇಳ್ತಾಳೆ," ಎಂದಳು ಅಕ್ಕ. "ನನ್ನನ್ನು ಮಸ್ಕತ್ ಅಮ್ಮ."

ಒಂಬತ್ತು ಗಂಟೆಗೆ ಅದೇ ಸೀರೆಯಲ್ಲಿ ಅವಳು ಚಾರ್ಟ್ ಹಿಡಿದು ಶಾಲೆಗೆ ಬಂದಳು. ಟೀಚರ್ ಕಾಡುಪಾಪದ ಮುಂದೆ ನಿಂತು ಇದೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದರು. ಮಗಳು ಹೆಮ್ಮೆಯಿಂದ "ಮೈ ಅಕ್ಕ" ಅಂದಳು. "ಓ, ನಿನ್ನ ಸಿಸ್ಟರ್?" ಎಂದರು ಟೀಚರ್. "ನೋ ಮ್ಯಾಮ್, ಅವರ್ ಮೇಡ್." ಮಗಳ ಬಾಯಲ್ಲಿ ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕ ಚಾರ್ಟಿನ ಸುರುಳಿಯಾದ ಮೂಲೆಯನ್ನು ಬೆರಳಿನಲ್ಲಿ ನೀವುತ್ತಿದ್ದಳು. ಆ ಚಾರ್ಟಿಗೆ ಮೊದಲ ಬಹುಮಾನ ಬಂತು.

ಎರಡು ತಿಂಗಳ ನಂತರ, ಶಾಲೆಯ ಬೇಸಿಗೆ ರಜೆಗೆ, ನಾನಾಗಿಯೇ ಅವಳನ್ನು ಊರಿಗೆ ಕಳಿಸಿದೆ. ಹೋಗಿಬರುವ ಟಿಕೆಟ್ಟನ್ನೂ ತೆಗೆದೆ. ಪಾಪ ಕಳೆಯುತ್ತದೆ ಅಂದುಕೊಂಡಿರಬೇಕು. ಬೆಳಗಿನ ವಿಮಾನ. ಮಗಳು ನಾನೂ ಬರ್ತೇನೆ ಎಂದು ಹಟ ಹಿಡಿದು ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕನ ತೋಳಿಗೆ ಒರಗಿದವಳು ದಾರಿಯಲ್ಲೇ ನಿದ್ದೆ ಹೋದಳು.

ವಿಮಾನ ನಿಲ್ದಾಣದ ಎದುರು ಕಾರು ನಿಲ್ಲಿಸಿ, ಕೈಚೀಲದಿಂದ ಪಾಸ್‌ಪೋರ್ಟ್ ತೆಗೆದು ಹಿಂದಕ್ಕೆ ಚಾಚಿದೆ. ವೀಸಾ ಆಫೀಸಿನವರು ಕೊನೆಗೂ ಕೊಟ್ಟರು ಎಂದು ಬೇರೆ ಹೇಳಿದೆ. ಅಕ್ಕ ಅದನ್ನು ತೆರೆಯಲಿಲ್ಲ. ಮೂಗಿನ ಹತ್ತಿರ ಹಿಡಿದಳು. ಕಾರಿನ ತುಂಬ ನುಸಿಗುಳಿಗೆಯ ವಾಸನೆ ಹರಡಿತ್ತು, ನನಗೂ ಆಗಲೇ ತಿಳಿದದ್ದು.

"ಸೀರೆ ಅಡಿಯಲ್ಲಿ ನುಸಿಗುಳಿಗೆ ಇಟ್ಟದ್ದು ನಾನೇ ಮೇಡಂ," ಅಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ. "ಪಾಸ್‌ಪೋರ್ಟ್ ಆ ಭಾನುವಾರವೂ ಅಲ್ಲೇ ಇತ್ತು. ಕಪಾಟಿನ ಬೀಗದ ಕೈ ಅಡುಗೆಮನೆ ಮೊಳೆಯಲ್ಲೇ ಇತ್ತು. ಬುಧವಾರದವರೆಗೆ ಕಾದೆ, ಮೇಡಂ ಕೊಡ್ತಾರೆ ಅಂತ."

ನನಗೆ ಹಿಂದೆ ತಿರುಗುವ ಧೈರ್ಯವಾಗಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಅವಳು ಮಗಳ ತಲೆಯನ್ನು ತೋಳಿನಿಂದ ಮೆಲ್ಲನೆ ಬಿಡಿಸಿ ಸೀಟಿಗೆ ಒರಗಿಸಿದಳು, ಅವಳ ಬೆರಳುಗಳನ್ನು ಸೀಟ್ ಬೆಲ್ಟಿನ ಪಟ್ಟಿಯ ಸುತ್ತ ಮಡಚಿದಳು, ಎಚ್ಚರವಾಗದಂತೆ ಬಾಗಿಲು ಹಾಕಿ ಹೋದಳು.