ಮಾಗಿದ ರಾಗಿಗೆ ಯಾರ ಅಪ್ಪಣೆ

ನಾನು ಪಿಎಚ್.ಡಿ. ಮಾಡುತ್ತಿದ್ದಾಗ ನನ್ನ ಗೈಡೂ ನನ್ನ ಕಮಿಟಿಯ ಹಿರಿಯ ಸದಸ್ಯರೂ ಮಾತು ಬಿಟ್ಟಿದ್ದರು. ಎಪ್ಪತ್ತರ ದಶಕದ ಕೊನೆಯ ಮಾತು. ಯಾವುದೋ ಬಡ್ತಿಯ ವಿಷಯಕ್ಕೆ ಹುಟ್ಟಿದ ಮುನಿಸಂತೆ. ಅಕ್ಕಪಕ್ಕದ ಕೋಣೆಗಳು, ನಡುವೆ ಒಂದೇ ಗೋಡೆ. ಆದರೂ ಇವರ ಮಾತನ್ನು ಅವರಿಗೆ, ಅವರ ಉತ್ತರವನ್ನು ಇವರಿಗೆ ಮುಟ್ಟಿಸಬೇಕಾದವಳು ನಾನು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸಿಗೆ ಆಗ ಇಪ್ಪತ್ತೇಳು ವರ್ಷ.

ನನ್ನ ಪ್ರಯೋಗ ರಾಗಿಯ ಮೇಲೆ. ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋಗುವ ದಾರಿಯಲ್ಲಿ ನಮ್ಮ ವಿಶ್ವವಿದ್ಯಾಲಯದ ಹೊಲ. ಹಿರಿಯ ಸದಸ್ಯರು ನಿಂತ ಪೈರನ್ನು ಬಂದು ನೋಡಬೇಕು, ಆಮೇಲೆ ಗೈಡ್ ಅಪ್ಪಣೆ ಕೊಡಬೇಕು, ಆಗಷ್ಟೇ ಕೊಯ್ಲು. ಇಳುವರಿಯ ಲೆಕ್ಕಕ್ಕೆ ಇಬ್ಬರ ಸಹಿಯೂ ಬೇಕು. ಹಿಂದಿನ ವರ್ಷ ಗೈಡ್ ‘ಮೊದಲು ಅವರು ನೋಡಲಿ’ ಅಂದರು, ಹಿರಿಯ ಸದಸ್ಯರು ‘ಮೊದಲು ಅವರು ಕರೆಯಲಿ’ ಅಂದರು. ಅಷ್ಟರಲ್ಲಿ ಮಳೆ ಹಿಡಿದು ತೆನೆಯಲ್ಲೇ ರಾಗಿ ಮೊಳೆಯಿತು. ವರ್ಷದ ದುಡಿಮೆ ದನದ ಬಾಯಿಗೆ ಹೋಯಿತು. ಇಬ್ಬರೂ ನನಗೆ ಹೇಳಿದ್ದು ಒಂದೇ ಮಾತು: “ಇನ್ನೊಂದು ಸೀಸನ್ ಮಾಡಮ್ಮ, ಏನ್ ಅರ್ಜೆಂಟು?”

ಮತ್ತೆ ಬಿತ್ತಿದೆ. ಈ ಬೆಳೆಯೂ ಕೈತಪ್ಪಿದರೆ ಅವಧಿ ಮುಗಿದು ಪಿಎಚ್.ಡಿ.ಗೆ ಎಳ್ಳುನೀರು ಬಿಡಬೇಕಿತ್ತು. ತೆನೆ ಮಾಗುವ ಹೊತ್ತಿಗೆ ಗೈಡ್ ಪ್ರವಾಸ ಹೊರಟರು. “ನಾನ್ ಬರೋವರ್ಗೂ ಮುಟ್ಬೇಡ,” ಅಂದರು. ಪಕ್ಕದ ಕೋಣೆಯವರು, “ಅವ್ರು ಹೇಳಿ ಕಳಿಸ್ಲಿ, ಆಮೇಲ್ ನೋಡೋಣ,” ಅಂದರು. ಹೊರಗೆ ಮೋಡ ಕಟ್ಟಿತ್ತು. ಮಳೆ ಬರುತ್ತೆ ಎಂದು ಇಬ್ಬರಿಗೂ ಹೇಳಿ ನೋಡಿದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು. ಇವರ ಮುನಿಸು ತೀರಲಿ ಎಂದು ರಾಗಿ ಕಾಯುತ್ತದೆಯೇ?

ಯಲಹಂಕದಾಚೆಯ ನಮ್ಮ ಹಳ್ಳಿಗೆ ಹೋಗಿ ಅವ್ವನಿಗೆ ಹೇಳಿದೆ.

“ಇಂಗ್ ಕುಂತ್ಕಂಡ್ರೆ ಆಯ್ತದಾ? ಕುಡ್ಲು ತಗಾ, ನಡಿ,” ಅಂದಳು.

ಬೆಳಿಗ್ಗೆ ಅವ್ವ, ಚಿಕ್ಕವ್ವ, ನಾನು ಹೊಲಕ್ಕೆ ಇಳಿದೆವು. ಕಾವಲುಗಾರ ಓಡಿ ಬಂದ. “ಸಾಹೇಬ್ರು ಏಳವ್ರಾ?”

“ನಾನ್ ಹೇಳ್ತಿದ್ದೀನಲ್ಲ,” ಅಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಕಾಣೆ. ಒಂದೊಂದು ತಾಕಿನ ತೆನೆಯನ್ನೂ ಬೇರೆ ಬೇರೆಯಾಗಿ ಕೊಯ್ದು, ಚೀಟಿ ಕಟ್ಟಿ, ಶೆಡ್ಡಿಗೆ ಸಾಗಿಸಿದೆವು. ಒಣಗಿದ ಮೇಲೆ ಬಡಿದು ತೂಗಿದೆ.

ಮಳೆ ಬರಲಿಲ್ಲ. ಮೋಡವೆಲ್ಲ ಚದುರಿ ಚುರುಚುರು ಬಿಸಿಲು ಬಿತ್ತು. ಬೀಳಲಿ ಬಿಡಿ, ನಾನು ಮಾಡಿದ್ದು ಸರಿ ಎನ್ನಲು ನನಗೆ ಮಳೆಯ ಸಾಕ್ಷಿ ಬೇಕಿರಲಿಲ್ಲ.

ಗೈಡ್ ಪ್ರವಾಸದಿಂದ ಬಂದವರೇ ಕರೆಸಿದರು. ಒಳಗೆ ಹೋದರೆ ಪಕ್ಕದ ಕೋಣೆಯವರೂ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದಾರೆ! ವರ್ಷಗಟ್ಟಲೆ ಮುಖ ನೋಡದವರು ನನ್ನನ್ನು ಬೈಯಲು ಒಂದಾಗಿದ್ದರು.

“ಎಲ್ಲಮ್ಮಾ ನಿನ್ ಮಳೆ?” ಅಂದರು ಗೈಡ್.

“ಗುರುಹಿರಿಯರು ಅನ್ನೋದೇ ಇಲ್ವಾ?” ಅಂದರು ಇನ್ನೊಬ್ಬರು.

ಬಂದ ನಗುವನ್ನು ನುಂಗಿಕೊಂಡು ಇಳುವರಿಯ ಹಾಳೆಯನ್ನು ಇಬ್ಬರ ಮುಂದೆ ಇಟ್ಟೆ. “ಇಬ್ರೂ ಒಟ್ಟಿಗೇ ಸಿಕ್ಕಿದ್ದೀರ ಸಾರ್. ಸೈನ್ ಹಾಕ್ಬಿಡಿ.”

“ಮೊದ್ಲು ಕ್ಷಮೆ ಕೇಳು,” ಅಂದರು ಗೈಡ್.

“ಮಾಗಿದ್ ಪೈರು ಕೊಯ್ದಿದ್ದಕ್ಕೆ ನಮ್ಮನೇಲಿ ಯಾರೂ ಕ್ಷಮೆ ಕೇಳಿಲ್ಲ ಸಾರ್. ನಾನೂ ಕೇಳಲ್ಲ.”

ಗೈಡರ ಮುಖ ಕೆಂಪೇರಿತು. ಅದನ್ನು ನೋಡಿ ಹಿರಿಯ ಸದಸ್ಯರಿಗೆ ಖುಷಿಯಾಗಿರಬೇಕು. ಹಾಳೆ ಎಳೆದುಕೊಂಡು ಸಹಿ ಮಾಡಿ, ಪೆನ್ನನ್ನು ಗೈಡರತ್ತ ಚಾಚಿದರು. “ನಿಮಗೆ ಕಷ್ಟ ಆದ್ರೆ ಬೇಡ ಬಿಡಿ.”

ಅವರು ಹಾಕಿದ ಮೇಲೆ ಇವರು ಬಿಟ್ಟಾರೆಯೇ? ಅವರದಕ್ಕಿಂತ ದೊಡ್ಡದಾಗಿ ಹಾಕಿದರು.

ಹಾಳೆ ಮಡಚಿಕೊಂಡು ಹೊರಗೆ ಬಂದೆ. ಕ್ಷಮೆಯನ್ನು ಮಾತ್ರ ಇವತ್ತಿಗೂ ಕೇಳಿಲ್ಲ.