ಮಾರಮ್ಮನ ಎಡಭುಜದ ಹೂವು ಮತ್ತು ನನ್ನ ಬಿ.ಎ.

ನಾನು ಬೆಂಗಳೂರಿನ ವಿಜ್ಞಾನ ಬಿಟ್ಟು ಮೈಸೂರಿನ ಚರಿತ್ರೆಗೆ ಸೇರಿದ್ದು ಮಾರಮ್ಮನ ಅಪ್ಪಣೆಯಿಂದ ಎಂದು ನರಸೀಪುರದ ಕಡೆಯವರೆಲ್ಲ ಹೇಳುತ್ತಾರೆ. ಕಾಲೇಜಿನ ಚರ್ಚಾಕೂಟದಲ್ಲಿ ದೇವರಿಲ್ಲವೆಂದು ವಾದಿಸಿ ಗೆದ್ದವನ ಸೊಕ್ಕನ್ನು ಅಮ್ಮ ಒಂದೇ ಹೂವಿನಲ್ಲಿ ಇಳಿಸಿದಳಂತೆ. ಕಥೆ ಕೇಳಲು ಚೆನ್ನಾಗಿದೆ. ಆದರೆ ಹೇಳುವವರಲ್ಲಿ ಒಬ್ಬನಾದರೂ ಆ ದಿನ ನಮ್ಮ ಗಾಡಿಯಲ್ಲಿ ಇದ್ದನೆ? ಇದ್ದವರು ನಾನು, ನನ್ನ ತಂದೆ, ಎರಡು ಎತ್ತು.

ಆಷಾಢ ಹುಟ್ಟುವ ಮುಂಚೆ ಮನೆ ಬಿಡಬೇಕೆಂದು ಅವ್ವ ಹಟ ಹಿಡಿದಿದ್ದಳು. ಕೋಳಿ ಕೂಗುವ ಹೊತ್ತಿಗೆ ನರಸೀಪುರದಿಂದ ಹೊರಟೆವು. ನಂಜನಗೂಡಿಗೆ ಹದಿನೈದು ಹದಿನಾರು ಮೈಲಿ. ಅಲ್ಲಿಂದ ಸಂಜೆಯ ರೈಲಿನಲ್ಲಿ ಮೈಸೂರು, ಮಾರನೆಯ ದಿನ ಬೆಂಗಳೂರು. ಬಿ.ಎ.ಗೆ ಮುಂಚಿನ ಎಫ್.ಎ. ಮುಗಿಸಿದ್ದ ನನಗೆ ಅಲ್ಲಿನ ಕಾಲೇಜಿನಲ್ಲಿ ಬಿ.ಎ. ಓದಲು, ಅದೂ ವಿಜ್ಞಾನಕ್ಕೆ (ಆಗ ಅದಕ್ಕೂ ಬಿ.ಎ. ಎಂದೇ ಹೆಸರು), ಸ್ಥಳ ಸಿಕ್ಕಿತ್ತು. ಮೈಸೂರಿನ ಕಾಲೇಜಿನಲ್ಲಿ ಆ ವಿಷಯವೇ ಇರಲಿಲ್ಲ.

ಮೋಡ ಕವಿದಿತ್ತು, ಮಳೆಯಿರಲಿಲ್ಲ. ಗಾಳಿ ಮಾತ್ರ ಗಾಡಿಯ ಚಾಪೆಯನ್ನು ಎತ್ತಿ ಎತ್ತಿ ಹಾಕುತ್ತಿತ್ತು. ರಸ್ತೆಗೆ ಹೊಸದಾಗಿ ಜಲ್ಲಿ ಸುರಿದಿದ್ದರಿಂದ ಮೈಯೆಲ್ಲ ನುಗ್ಗಾಯಿತು. ಅವ್ವ ಕಟ್ಟಿಕೊಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಪುಡಿಯ ಗಂಟು ಬಿಚ್ಚಿದೆ. ಅಪ್ಪ ಬೇಡವೆಂದರು.

ಅರ್ಧ ದಾರಿಯಲ್ಲಿ ಅವರು ಬಾಯಿಬಿಟ್ಟರು: ಮೈಸೂರಿನಲ್ಲೇ ಓದಿದರೆ ಆಗದೆ? ಬೆಲ್ಲ ಹೇರಿಕೊಂಡು ಬೆಂಗಳೂರಿನ ಮಂಡಿಗೆ ಹೋದ ನನ್ನ ಅಣ್ಣ ಪ್ಲೇಗಿನ ವರ್ಷ ಅಲ್ಲೇ ತೀರಿಕೊಂಡಿದ್ದ. ಹುಡುಕಲು ಹೋದ ಅಪ್ಪನಿಗೆ ಸುಟ್ಟ ಜಾಗವನ್ನು ತೋರಿಸುವವರೂ ಸಿಗಲಿಲ್ಲ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೂ ಕೂಟದಲ್ಲಿ ಕಲಿತ ಅಭ್ಯಾಸ. ಪ್ಲೇಗು ಮೈಸೂರಿಗೂ ಬಂದಿತ್ತಲ್ಲ, ಎಂದೆ.

“ಮೈಸೂರಾದ್ರೆ ಗಾಡಿ ಕಟ್ಕಂಡು ನಾನೇ ಬತ್ತೀನಿ ಕಣ್ಲಾ,” ಎಂದರು ಅಪ್ಪ. “ಬೆಂಗ್ಳೂರ್ಗೆ ಎಲ್ಗೇಂತ ಬರ್ಲಿ?”

ಅದು ವಾದವಲ್ಲ ಎಂದು ನಾನು ತಿಳಿಸಿ ಹೇಳಿದೆ. ಮುಂದಿನ ಒಂದು ಮೈಲಿಯವರೆಗೂ ಹೇಳುತ್ತಲೇ ಇದ್ದೆ. ಅಪ್ಪ ಎತ್ತುಗಳೊಡನೆ ಮಾತಾಡಿಕೊಂಡು ಗಾಡಿ ಹೊಡೆದರು. ಎದುರಾಳಿಯೇ ಇಲ್ಲದೆ ವಾದಿಸುವುದಕ್ಕಿಂತ ದೊಡ್ಡ ದಣಿವು ಬೇರೆಯಿಲ್ಲ. ಅವರು ಹೊಲದ ಬದಿಯ ಮಾರಮ್ಮನ ಗುಡಿಯ ಮುಂದೆ ಗಾಡಿ ನಿಲ್ಲಿಸಿ, ಅಮ್ಮನನ್ನು ಹೂವು ಕೇಳಿಬಿಡೋಣ ಎಂದಾಗ ಸರಿ ಎಂದುಬಿಟ್ಟೆ. ಅಪ್ಪನೆದುರು ನನಗೆ ಗೆಲುವೇ ಇರಲಿಲ್ಲ, ಹೂವಿನಲ್ಲಾದರೆ ಅರ್ಧಕ್ಕರ್ಧ ಅವಕಾಶ.

ಉತ್ತರಕ್ಕೆ ಮುಖ ಮಾಡಿದ ಗುಡಿ. ನಾಲ್ಕು ಕಲ್ಲುಕಂಬ, ಮೇಲೊಂದು ಚಪ್ಪಡಿ, ಪಕ್ಕಕ್ಕೆ ಗೋಡೆಯಿಲ್ಲ. ಪೂಜಾರಪ್ಪ ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೂ ಅಂಟಿಸಿದ. ನಾನು ಓದಲು ಹೊರಟಿರುವುದು ಏನೆಂದು ಕೇಳಿದ. ಬಿ.ಎ. ಎಂದೆ.

“ಅಂಗಂದ್ರೇನು ಬುದ್ಧಿ? ಅಮ್ಮಂಗೂ ಬುಡ್ಸಿ ಏಳ್ಬೇಕಲ್ಲ, ಅವ್ಳೂ ನನ್ನಂಗೇ ಓದ್ದೋಳಲ್ಲ.”

ವಿಜ್ಞಾನವನ್ನು ಅಮ್ಮನಿಗೆ ಬಿಡಿಸಿ ಹೇಳುವುದು ನನ್ನಿಂದಾಗಲಿಲ್ಲ. ಅವನೇ ಸುಲಭ ಮಾಡಿದ: “ತಾಯೀ, ಉಡ್ಗ ಬೆಂಗ್ಳೂರ್ಗೆ ಓಗ್ಬೌದು ಅಂದ್ರೆ ಬಲ್ಗಡೆ ಕೊಡು. ಬ್ಯಾಡಾಂದ್ರೆ ಎಡ್ಗಡೆ ಕೊಡು.”

ಸ್ವಲ್ಪ ಹೊತ್ತಿಗೆ ಎಡಗಡೆಯದು ಬಿತ್ತು. ಅಪ್ಪ ಬಗ್ಗಿ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡರು. ಗಾಡಿ ಹತ್ತಿದ ಮೇಲೆ ರೊಟ್ಟಿಯ ಗಂಟನ್ನು ತಾವೇ ಬಿಚ್ಚಿ ಮೂರು ರೊಟ್ಟಿ ತಿಂದರು.

ನನಗೆ ಬುದ್ಧಿ ಬಂದದ್ದು ಆಮೇಲೆ. ಉತ್ತರಕ್ಕೆ ಮುಖ ಮಾಡಿದ ದೇವಿಯ ಎಡಭುಜ ಪಡುವಣಕ್ಕೆ. ಮುಂಗಾರಿನ ಗಾಳಿ ಬೀಸುವುದೂ ಪಡುವಣದಿಂದಲೇ. ಆ ಕಡೆಯ ಹೂವು ಬೇಗ ಒಣಗುತ್ತದೆ, ಬೇಗ ಬೀಳುತ್ತದೆ. ಈ ತಿಂಗಳಲ್ಲಿ ಯಾರು ಏನು ಕೇಳಿದರೂ ಅಮ್ಮ ಬೇಡವೆಂದೇ ಹೇಳಬೇಕು! ಆದರೆ ತೀರ್ಪುಗಾರರನ್ನು ಒಪ್ಪಿ ವೇದಿಕೆ ಹತ್ತಿದವನು ಸೋತ ಮೇಲೆ ಅವರನ್ನು ದೂರಬಾರದು. ಅದು ಕೂಟದ ನಿಯಮ. ಮೂರು ರೊಟ್ಟಿ ತಿಂದ ಮನುಷ್ಯನೆದುರು ಮತ್ತೆ ವಾದ ಹೂಡಲು ತ್ರಾಣವೂ ಇರಲಿಲ್ಲ.

ಮಧ್ಯಾಹ್ನ ಇಳಿಯುವಾಗ ನಂಜನಗೂಡು ಸೇರಿದೆವು. ಛತ್ರದ ಜಗಲಿಯಲ್ಲಿ ಸಿಕ್ಕ ನಮ್ಮೂರಿನ ಬೆಲ್ಲದ ವ್ಯಾಪಾರಿಗೆ ಅಪ್ಪ ಎಲ್ಲವನ್ನೂ ಹೇಳಿದರು. ಅವನು ನನ್ನ ಕಡೆ ನೋಡಿ ನಕ್ಕು, “ಸೋಲ್ಸೋಕೆ ಅಮ್ಮನೇ ಬರ್ಬೇಕಾಯ್ತಲ್ಲ, ಲಾಯರ್ರೇ,” ಎಂದ. ಊರಿನ ಕಥೆ ಹುಟ್ಟಿದ್ದು ಆ ಜಗಲಿಯಲ್ಲಿ.

ಮೈಸೂರಿಗೆ ಮೂರನೆಯ ದರ್ಜೆಗೆ ಮೂರಾಣೆಯೊಳಗೇ ಟಿಕೆಟ್ಟು. ಬೆಂಗಳೂರಿನ ಕಾಲೇಜಿಗೆ ಬರುವುದಿಲ್ಲವೆಂದು ಕಾರ್ಡು ಬರೆದು ಹಾಕಿದೆ. ಮೈಸೂರಿನ ಕಾಲೇಜಿನಲ್ಲಿ ಚರಿತ್ರೆಗೆ ಇನ್ನೂ ಜಾಗವಿದೆ ಎಂದು ಗೊತ್ತಿತ್ತು. ಅದು ನನಗೆ ಬೇಕಾದ ವಿಷಯವಲ್ಲ ಎಂದೂ ಗೊತ್ತಿತ್ತು.

ರೈಲು ಬರುವ ಹೊತ್ತಿಗೆ ತುಂತುರು ಶುರುವಾಯಿತು. ಅಪ್ಪ ಆಕಾಶದ ಕಡೆ ಕಣ್ಣೆತ್ತಲೂ ಇಲ್ಲ. ನನ್ನ ಟ್ರಂಕನ್ನು ಎತ್ತಿ ಸ್ಟೇಷನ್ನಿನ ಕಂಬದ ಮೂಡಣ ಮಗ್ಗುಲಿಗೆ, ಗಾಳಿಗೆ ಮರೆಯಾಗಿ, ಇಟ್ಟರು. ಅದರ ಮೇಲೆ ಒಂದು ಹನಿಯೂ ಬೀಳಲಿಲ್ಲ. ಮೂವತ್ತು ವರ್ಷ ಈ ಗಾಳಿಗೆ ಬಿತ್ತಿದವರು, ತೂರಿದವರು.

ಡಬ್ಬಿ ಹತ್ತಿ ಕಿಟಕಿಯಿಂದ ತಲೆ ಹೊರಹಾಕಿದೆ. ರೈಲು ಸೀಟಿ ಹಾಕಿತು.

“ಅಪ್ಪ, ಈ ಗಾಳೀಲಿ ಯಾವ ಕಡೆ ಹೂವು ಬೀಳ್ತದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?”