ಸಮದ್ ಸಾಬರ ಎರಡು ಕಣ್ಣು, ಒಂದು ಬಲ್ಬು

ಬೆಳಗಿನ ಐದೂವರೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಇನ್ನೂ ಒಂದು ಶಟರೂ ಮೇಲೆದ್ದಿಲ್ಲ. ನಮಾಜು ಮುಗಿಸಿ ಬಂದ ಅಬ್ದುಲ್ ಸಮದ್ ಪಡಸಾಲೆಯ ಮೇಜಿನ ಮುಂದೆ ಕೂತು, ಹೆಬ್ಬೆರಳುದ್ದದ ಒಂದು ಗಾಜಿನ ಬಲ್ಬಿಗೆ ವೈರು ಸಿಕ್ಕಿಸುತ್ತಾರೆ. ವೋಲ್ಟು ಏರಿಸುವ ಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾರೆ. ಬಲ್ಬಿನೊಳಗಿನ ತಂತಿ ಕೆಂಪಾಗುತ್ತದೆ, ಆಮೇಲೆ ಹಳದಿ. ಸಾಬರು ಬಲಗಣ್ಣು ಮುಚ್ಚಿ ನೋಡುತ್ತಾರೆ. ಎಡಗಣ್ಣು ಮುಚ್ಚಿ ನೋಡುತ್ತಾರೆ. ಗುಂಡಿಯನ್ನು ಸೊನ್ನೆಗೆ ತಂದು ತಲೆ ಕೆರೆದುಕೊಳ್ಳುತ್ತಾರೆ. ಹದಿನೇಳು ದಿನದಿಂದ ದಿನಾ ಇದೇ ಆಗುತ್ತಿದೆ.

"ವೆಲ್ಡಿಂಗ್ ಅಂಗಡಿ ಶುರುವಾದ್ವು ಅಂದ್ರ ಕರೆಂಟು ಕುಣೀತೈತಿ. ಅದಕ್ಕ ಈ ಹೊತ್ತಿನಾಗ ಕುಂದರ್ತೀನಿ," ಎನ್ನುತ್ತಾರೆ. "ಈಗ ಕರೆಂಟೇನೋ ನೆಟ್ಟಗ ಐತಿ. ನಾನ ಕುಣಿಯಾಕ ಹತ್ತೀನಿ."

ಹಳೇ ಸಿನಿಮಾ ರೀಲಿನ ಅಂಚಿನಲ್ಲಿ ದನಿಯದ್ದೇ ಒಂದು ಸಣ್ಣ ಪಟ್ಟಿ ಇರುತ್ತದೆ. ಪರದೆಗೆ ಚಿತ್ರ ಎಸೆಯುವ ದೊಡ್ಡ ದೀಪ ಬೇರೆ, ಈ ಪುಟ್ಟ ಬಲ್ಬು ಬೇರೆ. ಇದರ ಬೆಳಕು ಆ ಪಟ್ಟಿಯನ್ನು ದಾಟುವಾಗ ಹೆಚ್ಚುಕಡಿಮೆ ಆಗುತ್ತದಲ್ಲ, ಅದೇ ಮುಂದೆ ಮಾತಾಗುತ್ತದೆ, ಹಾಡಾಗುತ್ತದೆ. ಇದು ಸತ್ತರೆ ಪರದೆಯ ಮೇಲಿನ ರಾಜನೂ ಮೂಗ, ರಾಣಿಯೂ ಮೂಗಿ. ಅರವತ್ತೆಂಟರ ಸಮದ್ ಸಾಬರು ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಟಾಕೀಸುಗಳಲ್ಲಿ ಮೂವತ್ತೊಂದು ವರ್ಷ ಈ ಸೌಂಡಿನ ಕೆಲಸವನ್ನೇ ಮಾಡಿದವರು. ಟಾಕೀಸುಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲವು ಕಲ್ಯಾಣ ಮಂಟಪವಾದವು. ಬಲ್ಬುಗಳು ಮಾತ್ರ ಬಿಸ್ಕತ್ತಿನ ಡಬ್ಬಿ ಸೇರಿ ಸಾಬರ ಮನೆಗೆ ಬಂದವು.

ಒಟ್ಟು ನಾನೂರ ಹನ್ನೆರಡು. ಯಾವುದು ಎಷ್ಟು ವೋಲ್ಟಿನದು, ಯಾವ ಕಂಪನಿಯ ಮಷೀನಿನದು ಎಂದು ಗುರುತು ಹಚ್ಚಿದ್ದು ಇನ್ನೂರ ಅರವತ್ತು. ಹಳೇ ಮಷೀನು ಸಾಕಿಕೊಂಡ ಹವ್ಯಾಸಿಗಳು ಪುಣೆಯಿಂದ, ಹೈದರಾಬಾದಿನಿಂದ ಮೊಬೈಲಿಗೆ ಫೋಟೋ ಕಳಿಸಿ "ಇದು ಯಾವುದು?" ಎಂದು ಕೇಳುತ್ತಾರೆ. ವಾರಕ್ಕೆ ಐದಾರು ಮಂದಿ. ಸಾಬರು ಬುಡದ ಪಟ್ಟಿ ನೋಡುತ್ತಾರೆ, ತಂತಿಯ ಸುರುಳಿ ಎಣಿಸುತ್ತಾರೆ, ಉತ್ತರ ಕೊಡುತ್ತಾರೆ. ಕೇಳಿದವರು ಹೆಬ್ಬೆರಳೆತ್ತಿದ ಚಿತ್ರ ಕಳಿಸಿ ಮಾಯವಾಗುತ್ತಾರೆ.

ಗಾಜಿನ ಮೇಲೆ ವೋಲ್ಟು ಬರೆದಿರುವುದಿಲ್ಲವೇ ಎಂದು ಕೇಳಿದರೆ ಸಾಬರ ಮುಖ ಸಣ್ಣದಾಗುತ್ತದೆ. ಬರೆದಿತ್ತು. ಬೆರಳಿನ ಜಿಡ್ಡು ಹತ್ತಿದ ಬಲ್ಬು ಬೇಗ ಸಾಯುತ್ತದೆಂದು, ಹಾಕುವ ಮುಂಚೆ ಸ್ಪಿರಿಟ್ಟಿನಲ್ಲಿ ಒರೆಸಲೇಬೇಕೆಂದು ಇವರೇ ಮೂರೂ ಊರಿನ ಆಪರೇಟರುಗಳಿಗೆ ಕಲಿಸಿದ್ದರು. ಶಿಷ್ಯರು ಭಕ್ತಿಯಿಂದ ಒರೆಸಿದರು. ಜಿಡ್ಡಿನ ಜೊತೆ ಅಕ್ಷರವೂ ಹೋಯಿತು. "ಬ್ಯಾರೆಯವ್ರು ಅಳಿಸಿದ್ರ ಬೈಬಹುದಿತ್ತು. ಈಗ ಯಾರಿಗೆ ಬೈಲಿ?" ಎಂದು ನಗುತ್ತಾರೆ. ಒಳಗಿನಿಂದ ಹೆಂಡತಿ ಫರ್ಜಾನಾ, "ನಾ ಅದೀನಲ್ಲ, ನಂಗ ಬೈರಿ, ರೂಢಿ ಐತಿ," ಎಂದು ಚಹಾ ತಂದಿಡುತ್ತಾರೆ.

ಈಗಿನ ತಲೆನೋವು ಬಂದದ್ದು ಕುರುಗೋಡಿನಿಂದ. ಅಲ್ಲಿನ ಟಾಕೀಸಿನಲ್ಲಿ ಹೆಂಗಸರ ಟಿಕೆಟ್ ಕೊಡುತ್ತಿದ್ದವರು ಚನ್ನವೀರಮ್ಮ. ಗಂಟಲಿನ ಆಪರೇಷನ್ನಾದ ಮೇಲೆ ಅವರ ದನಿ ಹೋಗಿದೆ. ಬಾಯಿಗೆ ಕಿವಿ ಕೊಟ್ಟರೆ ಮಾತ್ರ ಉಸಿರಿನಲ್ಲಿ ಹೇಳಿದ್ದು ಕೇಳುತ್ತದೆ. ಆಮೇಲೆ ಬಂದ ಸೊಸೆ ಶಾಂಭವಿ ಒಂಬತ್ತು ವರ್ಷದಿಂದ ಅತ್ತೆಯ ಜೊತೆ ಒಂದೇ ಒಲೆಯ ಮುಂದೆ ನಿಂತಿದ್ದಾರೆ, ಆದರೆ ಅತ್ತೆಯ ದನಿ ಕೇಳಿಲ್ಲ. ಮನೆಯ ಟ್ರಂಕಿನಲ್ಲಿ ಒಂದು ರೀಲಿದೆ. ಟಾಕೀಸಿನ ಮಾಲೀಕರು ಹುಮ್ಮಸ್ಸಿನಲ್ಲಿ ಮದ್ರಾಸಿಗೆ ಕರೆದೊಯ್ದು ಚನ್ನವೀರಮ್ಮನ ಬಾಯಲ್ಲೇ ಹೇಳಿಸಿ ಮಾಡಿಸಿದ, ಆಟಕ್ಕೆ ಮುಂಚೆ ತೋರಿಸುತ್ತಿದ್ದ ಸೂಚನೆಯ ತುಣುಕು. ದೊಡ್ಡ ಊರಿನ ಲ್ಯಾಬಿನವರು "ರೀಲು ಇಲ್ಲೇ ಬಿಟ್ಟುಹೋಗಿ, ದನಿ ತೆಗೆಯಲು ಮೂರು ತಿಂಗಳಾಗುತ್ತದೆ" ಎಂದರು. ಕೈಬಿಟ್ಟು ಹೋದ ದನಿಯನ್ನು ಎರಡನೇ ಸಲ ಕೈಬಿಡಲು ಚನ್ನವೀರಮ್ಮ ಒಪ್ಪಲಿಲ್ಲ.

ಅತ್ತೆ ಸೊಸೆ ಸಾಬರನ್ನೇ ಕೇಳಿಕೊಂಡರು. ರೀಲು ಓಡಿಸುವ ಮಷೀನು ಸಿರುಗುಪ್ಪದಲ್ಲಿದೆ. ಹಳೇ ಆಪರೇಟರ್ ದೊಡ್ಡಬಸಪ್ಪ ಅದನ್ನು ತಮ್ಮ ಭತ್ತದ ಗೋದಾಮಿನಲ್ಲಿ ಎಣ್ಣೆ ಬಿಟ್ಟು ಇಟ್ಟುಕೊಂಡಿದ್ದಾರೆ. ಆ ಮಷೀನಿಗೆ ಕೂರುವ ಬಲ್ಬು ಸಾಬರ ಡಬ್ಬಿಯಲ್ಲಿ ಒಂದೇ ಒಂದು. ಅದರ ಅಕ್ಷರವೂ ಸ್ಪಿರಿಟ್ಟಿನ ಪಾಲು. ವೋಲ್ಟು ಹೆಚ್ಚಾದರೆ ತಂತಿ ಉರಿದುಹೋಗುತ್ತದೆ, ಇನ್ನೊಂದು ಇಲ್ಲ. ಕಡಿಮೆಯಾದರೆ ಮಷೀನಿನ ಗೊರಗೊರದಲ್ಲಿ ಮಾತು ಮುಳುಗುತ್ತದೆ. ಒಣಗಿದ ರೀಲು ಒಂದು ಸಲಕ್ಕಿಂತ ಹೆಚ್ಚು ತಾಳುವ ಭರವಸೆಯೂ ಇಲ್ಲ.

ಮೀಟರ್ ಇಲ್ಲವೇ? ಇದೆ. "ಮೀಟರು ಅದು ಎಷ್ಟು ತಿನ್ನಾಕ ಹತ್ತೈತಿ ಅಂತ ಹೇಳ್ತೈತಿ. ಎಷ್ಟು ತಿನ್ನಾಕ ಹುಟ್ಟೈತಿ ಅಂತ ಹೇಳಂಗಿಲ್ಲ," ಎನ್ನುತ್ತಾರೆ ಸಾಬರು. ಅದನ್ನು ಹೇಳುವುದು ಬಣ್ಣ. ಹಳದಿ ತಿರುಗಿ ಹಾಲಿನ ಕೆನೆಯ ಬಣ್ಣಕ್ಕೆ ಬಂತೋ, ಅಲ್ಲಿ ನಿಲ್ಲಬೇಕು. ಇಷ್ಟು ವರ್ಷ ಆ ಬಣ್ಣವನ್ನು ಅವರು ತಪ್ಪದೆ ಹಿಡಿದಿದ್ದಾರೆ.

ಆದರೆ ಹೋದ ತಿಂಗಳು ಬಲಗಣ್ಣಿನ ಪೊರೆ ತೆಗೆಸಿದ್ದಾರೆ. ಎಡಗಣ್ಣಿನದು ಇನ್ನೂ ಹಾಗೇ ಇದೆ. ಹೊಸ ಕಣ್ಣಿಗೆ ಎಂಟು ವೋಲ್ಟಿಗೇ ಕೆನೆ ಕಾಣುತ್ತದೆ. ಹಳೇ ಕಣ್ಣು ಹತ್ತಾದರೂ ಹಳದಿ ಎಂದೇ ಹಟ ಹಿಡಿಯುತ್ತದೆ. "ಡಾಕ್ಟ್ರು ಬಲಗಣ್ಣು ಖರೇ ಹೇಳ್ತೈತಿ ಅಂತಾರ. ಸರಿ ಸಾಹೇಬ್ರ, ಆದ್ರ ಕೆಲಸ ಕಲ್ತಿದ್ದು ಯಾವ ಕಣ್ಣು? ಹುಡುಗ ಇದ್ದಾಗ ಪೊರೆ ಇರಲಿಲ್ಲ, ಆವಾಗ ಈ ಹೊಸ ಕಣ್ಣಿನಂಗ ಕಾಣ್ತಿತ್ತೇನು? ನೆನಪಾಗವಲ್ದು. ಮೊದಲ್ನೇ ಸಲ ನನ್ನ ಮಾತಿನ ಮ್ಯಾಲ ನನಗ ನಂಬಿಕಿ ಇಲ್ಲ." ಫರ್ಜಾನಾಗೆ ತೋರಿಸಿದರು. ಅವರು ನೋಡಿ, "ಬಲ್ಬು ಹತ್ತೈತಿ," ಎಂದರು. ಅದರಾಚೆ ಸಹಾಯ ಸಿಗಲಿಲ್ಲ.

ಭಾನುವಾರ ಸಿರುಗುಪ್ಪದ ಗೋದಾಮಿನಲ್ಲಿ ಚೀಲಗಳ ನಡುವೆ ಪರದೆಗೆಂದು ಬಿಳಿ ಪಂಚೆ ಕಟ್ಟಿದ್ದಾರೆ. ಚನ್ನವೀರಮ್ಮ ಇಸ್ತ್ರಿ ಸೀರೆಯಲ್ಲಿ ಬಂದು ಮುಂದೆ ಕೂತಿದ್ದಾರೆ, ಶಾಂಭವಿ ಮೊಬೈಲಿನ ರೆಕಾರ್ಡಿಂಗ್ ಒತ್ತಿ ಹಿಡಿದಿದ್ದಾರೆ. ದೊಡ್ಡಬಸಪ್ಪ ರೀಲು ಏರಿಸುತ್ತಾರೆ.

"ಎಷ್ಟಕ್ಕ ಇಡ್ತೀರಿ ಸಾಬ್ರ?"

"ಗೊತ್ತಿಲ್ಲ ಬಸಪ್ಪ."

"ಹಂಗಂದ್ರ ಹೆಂಗ್ರೀ? ನೀವ ಗುರುಗಳು!"

"ಗುರು ಎರಡು ಮಂದಿ ಆಗ್ಯಾನ. ಒಬ್ಬ ಎಂಟು ಅಂತಾನ, ಒಬ್ಬ ಹತ್ತು ಅಂತಾನ. ಒಂಬತ್ತಕ್ಕ ಇಟ್ಟು ಇಬ್ಬರನ್ನೂ ಸುಮ್ಮನಿರಸ್ತೀನಿ."

ಮಷೀನು ಕಟಕಟ ಓಡುತ್ತದೆ. ಸಾಬರು ಬಲ್ಬಿಗೆ ಮೂಗು ತಾಗುವಷ್ಟು ಬಗ್ಗಿದ್ದಾರೆ, ಬೆರಳು ಗುಂಡಿಯ ಮೇಲಿದೆ. ತಂತಿ ಒಮ್ಮೆ ನಡುಗುತ್ತದೆ, ಅವರು ಚೂರು ಇಳಿಸುತ್ತಾರೆ. ಮಂಕಾಗುತ್ತದೆ, ಚೂರು ಏರಿಸುತ್ತಾರೆ. ಹಣೆಯ ಬೆವರು ಹೊಸ ಕಣ್ಣಿಗೆ ಇಳಿದರೂ ಒರೆಸಿಕೊಳ್ಳುವುದಿಲ್ಲ. ನಲವತ್ತು ಸೆಕೆಂಡು. ರೀಲಿನ ತುದಿ ಪಟಪಟ ಬಡಿಯುತ್ತದೆ. ಬಲ್ಬು ಇನ್ನೂ ಉರಿಯುತ್ತಿದೆ. ಅವರು ತಲೆಯೆತ್ತಿದರೆ ಶಾಂಭವಿ ಮೊಬೈಲನ್ನು ಎದೆಗೊತ್ತಿಕೊಂಡು ಗಳಗಳ ಅಳುತ್ತಿದ್ದಾರೆ. ದೊಡ್ಡಬಸಪ್ಪ ಟವೆಲಿನಲ್ಲಿ ಮೂಗು ಒರೆಸುತ್ತಿದ್ದಾರೆ.

"ಬಂತಾ ದನಿ?" ಎಂದು ಸಾಬರು ಗಾಬರಿಯಿಂದ ಕೇಳುತ್ತಾರೆ.

"ಅಯ್ಯೋ ಚಾಚಾ, ಇಡೀ ಗೋದಾಮಿಗೆ ಕೇಳ್ತಲ್ರೀ! ನಿಮಗ ಕೇಳಲಿಲ್ಲೇನು?" ಎನ್ನುತ್ತಾರೆ ಶಾಂಭವಿ.

ಕೇಳಿಸಿಲ್ಲ. ಬಲ್ಬು ನೋಡುವಾಗ ಅವರಿಗೆ ಬೇರೇನೂ ಕೇಳಿಸುವುದಿಲ್ಲ. ಟಾಕೀಸಿನ ಕಾಲದಲ್ಲೂ ಹಾಗೇ. ಊರೆಲ್ಲ ಟಾಕೀಸಿನಲ್ಲಿ ಕೇಳಿದ ಹಾಡುಗಳನ್ನು ಅವರು ಹೋಟೆಲಿನ ರೇಡಿಯೋದಲ್ಲಿ ಕೇಳಿದ್ದಾರೆ. "ಯಾವ ಕಣ್ಣು ಖರೇ ಅಂತ ಇವತ್ತೂ ತಿಳೀಲಿಲ್ಲ ನೋಡ್ರಿ," ಎಂದು ನಾಚಿಕೊಳ್ಳುತ್ತಾರೆ.

ಶಾಂಭವಿ ರೆಕಾರ್ಡಿಂಗ್ ಹಾಕಲು ಮೊಬೈಲು ಮುಂದೆ ಮಾಡುತ್ತಾರೆ. ಚನ್ನವೀರಮ್ಮ ಸೊಸೆಯ ಕೈ ಸರಿಸಿ, ಚೀಲಗಳನ್ನು ಹಿಡಿದುಕೊಂಡು ಸಾಬರ ಹತ್ತಿರ ಬರುತ್ತಾರೆ. ಅವರ ಕಿವಿಗೆ ಬಾಯಿ ಹಚ್ಚಿ, ಇರುವ ಉಸಿರನ್ನೆಲ್ಲ ಕೂಡಿಸಿ, ಅಂದು ರೀಲಿನಲ್ಲಿ ಹೇಳಿದ್ದನ್ನೇ ತಾವೇ ಹೇಳುತ್ತಾರೆ:

"ಅಕ್ಕ ತಂಗೇರ, ಕೂಸು ಅತ್ತರ ಹೊರಗ ನನ್ನ ಕೈಯಾಗ ಕೊಡ್ರಿ. ನಾ ಆಡಸ್ತೀನಿ. ನೀವು ಕುಂತು ಪಿಕ್ಚರ್ ನೋಡ್ರಿ."

ಸಮದ್ ಸಾಬರು ಎರಡೂ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. "ಈಗ ಕೇಳ್ತು ಅಕ್ಕಾರ," ಎನ್ನುತ್ತಾರೆ.